ಹಾಸಿಗೆ ಹಿಡಿದ ಅಪ್ಪನಿಗೆ "ದೇವರು ನಿನ್ನನ್ನು ಪ್ರೀತಿಸುತ್ತಾನೆ" ಅನ್ನಬಹುದಾ?

ಕೋಡಿಬಾಗದ ಹುಡುಗಿ
ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ಸಹಿಸಿಕೊಳ್ಳಿ.

ನಮ್ಮದು ಕಾರವಾರ. ಅಪ್ಪ ಮೂವತ್ತು ವರ್ಷಕ್ಕಿಂತ ಜಾಸ್ತಿ ರಂಪಣಿ ಬಲೆ ಎಳೆದವರು. ಹೋದ ದೀಪಾವಳಿ ಹೊತ್ತಿಗೆ ಲಕ್ವ ಹೊಡೆದು ಬಲಗೈ, ಬಲಗಾಲು ಹೋಯಿತು. ಮಾತು ಇದೆ, ಆದರೆ ನಿಧಾನ. ಮನೆಯಲ್ಲಿ ಯೇಸುವನ್ನು ನಂಬಿದವಳು ನಾನೊಬ್ಬಳೇ, ಕಾಲೇಜು ದಿನಗಳಿಂದ. ಅಪ್ಪ ಅದಕ್ಕೆ ಬೈದದ್ದೂ ಇಲ್ಲ, ಹತ್ತಿರ ಬಂದದ್ದೂ ಇಲ್ಲ. "ನಿನ್ನ ದೇವರಿಗೆ ಹೇಳು, ನಾಳೆ ಬಂಗುಡೆ ಕಳಿಸಲಿ" ಅಂತ ತಮಾಷೆ ಮಾಡುತ್ತಿದ್ದರು, ಅಷ್ಟೇ.

ಕಳೆದ ತಿಂಗಳು ಒಬ್ಬರ ಮನೆಯಲ್ಲಿ ಪ್ರಾರ್ಥನಾ ಕೂಟ ಇತ್ತು. ಹೊರಗಿನಿಂದ ಬೋಧಕರೊಬ್ಬರು ಬಂದಿದ್ದರು. ಯಾರಿಗಾಗಿ ಪ್ರಾರ್ಥಿಸಬೇಕು ಅಂತ ಕೇಳಿದಾಗ ನಾನು ಅಪ್ಪನ ವಿಷಯ ಎತ್ತಿ, "ದೇವರು ನಿಮ್ಮನ್ನು ಪ್ರೀತಿಸುತ್ತಾನೆ ಅಂತ ದಿನಾ ಹೇಳುತ್ತೇನೆ, ಕೇಳಿಸಿಕೊಳ್ಳುತ್ತಾರೆ" ಅಂದೆ. ಅವರು ಅಲ್ಲೇ ತಡೆದರು, ಎಲ್ಲರ ಎದುರಿಗೇ. ಹಾಗೆ ಹೇಳಬಾರದು ಸಿಸ್ಟರ್, ದೇವರು ತಾನು ಆರಿಸಿಕೊಂಡವರನ್ನು ಮಾತ್ರ ಪ್ರೀತಿಸುತ್ತಾನೆ, ನಿಮ್ಮ ತಂದೆ ಆ ಲೆಕ್ಕದಲ್ಲಿ ಇದ್ದಾರೋ ಇಲ್ಲವೋ ನಿಮಗೆ ಗೊತ್ತಿಲ್ಲ, ಗೊತ್ತಿಲ್ಲದ್ದನ್ನು ದೇವರ ಹೆಸರಲ್ಲಿ ಹೇಳಿದರೆ ಅದು ಸುಳ್ಳು ಸಾಕ್ಷಿ ಅಂದರು. ಬೈಬಲ್ಲಿನ ರೋಮಾಪುರ 9 ಓದಿಸಿದರು. ಅಲ್ಲಿ ದೇವರ ಮಾತು, ಯಾಕೋಬನನ್ನು ಪ್ರೀತಿಸಿದೆ, ಏಸಾವನನ್ನು ದ್ವೇಷಿಸಿದೆ. ಅಷ್ಟರಲ್ಲಿ ಚಹಾ ಬಂತು. ಕೈಯಲ್ಲೇ ಹಿಡಿದುಕೊಂಡು ಕೂತಿದ್ದೆ, ಮೇಲೆ ಕೆನೆ ಕಟ್ಟಿತು, ಕುಡಿಯಲು ಆಗಲಿಲ್ಲ.

ಅಂದಿನಿಂದ ಆ ಮಾತು ಬಾಯಿಗೆ ಬರುತ್ತಿಲ್ಲ. ಮೊನ್ನೆ ಅಪ್ಪನೇ ಕೇಳಿದರು, "ಏನು, ನಿನ್ನ ದೇವರು ಸುಮ್ಮನಾದನಾ?"

ಕ್ಯಾಲ್ವಿನ್ ಯಾರು, ಆರ್ಮಿನಿಯಸ್ ಯಾರು ಅಂತ ಆಮೇಲೆ ಮೊಬೈಲಿನಲ್ಲಿ ಓದಿ ತಲೆ ಕೆಟ್ಟಿತು. ನನಗೆ ಬೇಕಾದ್ದು ಒಂದೇ. ಹೇಳಬಹುದಾ, ಬೇಡವಾ?

ಅಡಿಕೆ ಕ್ಯಾಲ್ವಿನ್
ತಂಗಿ, ಮೊದಲು ಕ್ಷಮೆ ಕೇಳುತ್ತೇನೆ. ಯಾಕೆಂದರೆ ನಾನೂ ಅದೇ ಪಾರ್ಟಿ. ಯಾರಿಗೆ ರಕ್ಷಣೆ ಅಂತ ದೇವರೇ ಮೊದಲೇ ಆರಿಸಿದ್ದಾನೆ ಅನ್ನುವುದು ಕ್ಯಾಲ್ವಿನ್ ಕಡೆ; ಕೃಪೆ ಎಲ್ಲರಿಗೂ ಇದೆ, ಒಪ್ಪುವುದು ಬಿಡುವುದು ಮನುಷ್ಯನದು ಅನ್ನುವುದು ಆರ್ಮಿನಿಯಸ್ ಕಡೆ. ಶಿರಸಿಯಲ್ಲಿ ಕ್ಯಾಲ್ವಿನ್ ಕಡೆಯವರನ್ನು ಹುಡುಕಿದರೆ ಒಂದು ಆಟೋ ತುಂಬುವಷ್ಟು ಸಿಗಬಹುದು, ಅದರಲ್ಲಿ ಡ್ರೈವರ್ ಪಕ್ಕ ಕೂತವನು ನಾನು.

ಹೇಳಬಹುದು. ಆದರೆ ಯಾಕೆ ಹೇಳಬಹುದು ಅನ್ನುವುದನ್ನೂ ತಿಳಿದುಕೊಳ್ಳಿ. ಇಲ್ಲದಿದ್ದರೆ ಇನ್ನೊಬ್ಬರು ಬಂದು ಇನ್ನೊಂದು ವಚನ ಓದಿಸಿದಾಗ ಮತ್ತೆ ಬಾಯಿ ಕಟ್ಟುತ್ತದೆ.

ಆರ್ಮಿನಿಯಸ್ ತೀರಿಕೊಂಡದ್ದು 1609ರಲ್ಲಿ. ಮಾರನೇ ವರ್ಷ ಅವರ ಶಿಷ್ಯರು ಐದು ಅಂಶ ಬರೆದು ಹಾಲೆಂಡಿನ ಸರ್ಕಾರಕ್ಕೆ ಕೊಟ್ಟರು. ಕ್ರಿಸ್ತನು ಎಲ್ಲರಿಗಾಗಿಯೂ ಸತ್ತನು ಅನ್ನುವುದು ಅದರಲ್ಲಿ ಒಂದು. ಅದಕ್ಕೆ ಉತ್ತರ ಕೊಡಲು 1618-19ರಲ್ಲಿ ಅಲ್ಲಿನ ಡೋರ್ಟ್ ಊರಿನಲ್ಲಿ ದೊಡ್ಡ ಸಿನೊಡ್, ಅಂದರೆ ಸಭೆಯ ಹಿರಿಯರ ಕೂಟ, ಕೂತಿತು. ಕ್ಯಾಲ್ವಿನ್ ಅಷ್ಟರಲ್ಲಿ ಸತ್ತು ಐವತ್ತು ವರ್ಷ ದಾಟಿತ್ತು. ಈಗ ಟ್ಯೂಲಿಪ್ ಹೂವಿನ ಹೆಸರಲ್ಲಿ ಬಾಯಿಪಾಠ ಮಾಡಿಸುತ್ತಾರಲ್ಲ, ನಮ್ಮ ಕಡೆಯ ಆ ಐದು ಅಂಶಗಳ ಬೇರು ಈ ಡೋರ್ಟ್ ಉತ್ತರದಲ್ಲಿದೆ. ಆದರೆ ಅದೇ ಡೋರ್ಟ್ ತೀರ್ಮಾನದಲ್ಲಿ ಕ್ರಿಸ್ತನ ಮರಣದ ಬೆಲೆ ಇಡೀ ಲೋಕದ ಪಾಪಕ್ಕೆ ಸಾಕಾಗಿ ಮಿಗುತ್ತದೆ ಅಂತ ಇದೆ. ಸುವಾರ್ತೆಯನ್ನು ಭೇದ ಮಾಡದೆ ಎಲ್ಲರಿಗೂ ಸಾರಬೇಕು ಅಂತ ಇದೆ. ಆಯ್ಕೆಯ ಖಾತ್ರಿಯನ್ನು ದೇವರ ಗುಟ್ಟು ಕೆದಕಿ ಹುಡುಕಬೇಡಿ ಅಂತಲೂ ಇದೆ. ನಿಮ್ಮ ಅಪ್ಪನ ಹೆಸರು ಲೆಕ್ಕದಲ್ಲಿ ಇದೆಯಾ ಅಂತ ಕೂಟದಲ್ಲಿ ಕೂತು ಕೆದಕುವುದು ನಮ್ಮ ಹಿರಿಯರೇ ಬೇಡ ಅಂದ ಕೆಲಸ.

ಹಾಗಂತ ಆ ಬೋಧಕರು ಹೇಳಿದ್ದು ಗಾಳಿಯಿಂದ ಬಂದದ್ದೂ ಅಲ್ಲ. 1918ರಲ್ಲಿ ನಮ್ಮ ಕಡೆಯ ಲೇಖಕ ಆರ್ಥರ್ ಪಿಂಕ್ ಹೆಚ್ಚುಕಡಿಮೆ ಹಾಗೇ ಬರೆದರು. 1924ರಲ್ಲಿ ಅಮೆರಿಕದ ಕಲಮಜೂ ಊರಲ್ಲಿ ಡಚ್ ಮೂಲದ ರಿಫಾರ್ಮ್ಡ್ (ಕ್ಯಾಲ್ವಿನ್ ಪರಂಪರೆಯ) ಸಭೆಯ ಸಿನೊಡ್ ಕೂತು, ಆರಿಸಿಕೊಳ್ಳದವರ ಮೇಲೂ ದೇವರಿಗೆ ಒಂದು ಬಗೆಯ ದಯೆ ಇದೆ ಅಂತ ಹೇಳಿತು, ಸಾಮಾನ್ಯ ಕೃಪೆ ಅನ್ನುವುದು ಇದಕ್ಕೇ. ಆ ಸಭೆಯ ಪಾಸ್ಟರ್ ಹರ್ಮನ್ ಹುಕ್ಸೆಮಾ ಒಪ್ಪಲಿಲ್ಲ, ಬೇರೆ ಸಭೆಯೇ ಆಯಿತು. ಅಂದರೆ ಇದು ನಮ್ಮ ಮನೆಯೊಳಗಿನ ಜಗಳ. ಅವರು ಒಂದು ಕೋಣೆ ತೋರಿಸಿ ಇದೇ ಪೂರ್ತಿ ಮನೆ ಅಂದಿದ್ದಾರೆ.

ಕುಮಟಾ ಟೀಚರ್
ಕೋಣೆ ಯಾವುದಾದರೇನು, ಅಡಿಪಾಯ ಒಂದೇ ಅಲ್ವಾ? ನಾನು ಬೆಳಗಾವಿಯ ಮೆಥೊಡಿಸ್ಟ್ ಮನೆಯಲ್ಲಿ ಬೆಳೆದವಳು, ಮದುವೆಯಾಗಿ ಈ ಕಡೆ ಬಂದೆ. ಇಪ್ಪತ್ತೆಂಟು ವರ್ಷ ಮಕ್ಕಳಿಗೆ ಪಾಠ ಮಾಡಿದ್ದೇನೆ, ಸುತ್ತಿ ಬಳಸಿ ಉತ್ತರ ಬರೆದವರನ್ನು ನೋಡಿದ ಕೂಡಲೇ ಗೊತ್ತಾಗುತ್ತದೆ. "ಮರಣದ ಬೆಲೆ ಎಲ್ಲರಿಗೂ ಸಾಕು" ಅನ್ನುತ್ತೀರಿ. ಸರಿ. ಆದರೆ ಎಲ್ಲರಿಗಾಗಿ ಸತ್ತನಾ ಅಂದರೆ ಇಲ್ಲ ಅನ್ನುತ್ತೀರಿ. ಹಬ್ಬದ ಅಡುಗೆ ಊರಿಗೆಲ್ಲ ಸಾಕಾಗುವಷ್ಟಿದೆ, ಎಲೆ ಹಾಕಿದ್ದು ಮಾತ್ರ ಹತ್ತು ಜನಕ್ಕೆ ಅಂದ ಹಾಗಾಯಿತು.

ಮಗಳೇ, ಯೋಹಾನ 3:16 ತೆಗೆದು ನೋಡು. "ಲೋಕದ ಮೇಲೆ ಎಷ್ಟೋ ಪ್ರೀತಿಯನ್ನಿಟ್ಟು" ಅಂತ ಇದೆ. ಲೋಕ ಅಂದರೆ ಲೋಕವೇ. 1 ತಿಮೊಥೆ 2:4 ನೋಡು, ಎಲ್ಲ ಮನುಷ್ಯರೂ ರಕ್ಷಣೆ ಹೊಂದಬೇಕು ಅನ್ನುವುದು ದೇವರ ಮನಸ್ಸು. 1 ಯೋಹಾನ 2:2, ನಮ್ಮ ಪಾಪ ಮಾತ್ರ ಅಲ್ಲ, ಇಡೀ ಲೋಕದ ಪಾಪ. ಇಷ್ಟು ಸಾಲದಾ?

ಇನ್ನು ಏಸಾವ. ರೋಮಾಪುರ ಪತ್ರ ಬರೆದ ಪೌಲನು ಆ ಮಾತನ್ನು ತೆಗೆದುಕೊಂಡದ್ದು ಪ್ರವಾದಿ ಮಲಾಕಿಯನಿಂದ. ಅಲ್ಲಿ ಅದು ಏಸಾವನ ವಂಶದ ಎದೋಮ್ ನಾಡಿನ ಬಗ್ಗೆ. ಜೊತೆಗೆ ಬೈಬಲ್ಲಿನಲ್ಲಿ "ದ್ವೇಷ" ಅನ್ನುವ ಮಾತಿನ ಬಳಕೆ ನೋಡಬೇಕು. ಆದಿಕಾಂಡ 29ರಲ್ಲಿ ಯಾಕೋಬನು ಇಬ್ಬರು ಹೆಂಡತಿಯರಲ್ಲಿ ಲೇಯಳಿಗಿಂತ ರಾಹೇಲಳನ್ನು ಹೆಚ್ಚು ಪ್ರೀತಿಸಿದ ಅಂತ ಒಂದು ವಚನ. ಮುಂದಿನ ವಚನದಲ್ಲೇ ಮೂಲದಲ್ಲಿ ಲೇಯಳನ್ನು ದ್ವೇಷಿಸಿದ ಅನ್ನುವ ಪದ. ಆ ದ್ವೇಷದಲ್ಲೇ ಆಕೆಗೆ ಆರು ಗಂಡುಮಕ್ಕಳು ಹುಟ್ಟಿದರು!

ಅಡಿಕೆ ಕ್ಯಾಲ್ವಿನ್
ಟೀಚರ್, ಲೇಯಳ ಮಾತು ಒಪ್ಪಿದೆ. ನಗುವೂ ಬಂತು. ಆದರೆ "ಲೋಕ ಅಂದರೆ ಲೋಕವೇ" ಅಂದುಬಿಟ್ಟರೆ ಮುಗಿಯಲಿಲ್ಲ. ಎಲ್ಲರ ಎಲ್ಲ ಪಾಪಕ್ಕೂ ಬೆಲೆ ಸಂದಾಯ ಆಗಿದ್ದರೆ ಯಾರಾದರೂ ಯಾಕೆ ನರಕಕ್ಕೆ ಹೋಗಬೇಕು? ನಂಬಲಿಲ್ಲ, ಅದಕ್ಕೆ ಅನ್ನುತ್ತೀರಿ. ನಂಬದಿರುವುದು ಪಾಪವಾ, ಅಲ್ಲವಾ? ಪಾಪವಾದರೆ ಅದಕ್ಕೂ ಬೆಲೆ ಕೊಟ್ಟಾಗಿದೆ. ಇದು ನನ್ನ ತಲೆಯದಲ್ಲ, 17ನೇ ಶತಮಾನದಲ್ಲಿ ನಮ್ಮ ಕಡೆಯ ಜಾನ್ ಓವನ್ ಕೇಳಿದ ಪ್ರಶ್ನೆ. ಇವತ್ತಿನವರೆಗೆ ನನಗೆ ಯಾರೂ ಸರಿಯಾದ ಉತ್ತರ ಕೊಟ್ಟಿಲ್ಲ.

ಕುಮಟಾ ಟೀಚರ್
ಸಾಲ ಮನ್ನಾ ಗೊತ್ತಲ್ಲ? ಎಲ್ಲರಿಗೂ ಅಂತ ಸರ್ಕಾರ ಹೇಳಿತು. ಸೊಸೈಟಿಗೆ ಬಂದು ಸಹಿ ಹಾಕಿದವನಿಗೆ ಆಯಿತು. ಬರದೇ ಕೂತವನಿಗೆ ಆಗಲಿಲ್ಲ.

ಅಡಿಕೆ ಕ್ಯಾಲ್ವಿನ್
ದುಡ್ಡು ಕಟ್ಟಿ ಆದ ಮೇಲೂ ವಸೂಲಿಗೆ ಬರುತ್ತಾರಾ?

ಕುಮಟಾ ಟೀಚರ್
ನೀವು ಸಾಲ ಮನ್ನಾ ಹತ್ತಿರದಿಂದ ನೋಡಿಲ್ಲ ಅಂತ ಕಾಣುತ್ತದೆ 😄

ದಿನಾ ಬಸ್ಸು
ಇಷ್ಟೆಲ್ಲ ಯಾಕೆ? ಅಪ್ಪನಿಗೆ ಫಿಜಿಯೋಥೆರಪಿ ಮಾಡಿಸುತ್ತಿದ್ದೀರಾ ಇಲ್ಲವಾ? ಮೊದಲ ಆರು ತಿಂಗಳು ಮುಖ್ಯ.

ಕೋಡಿಬಾಗದ ಹುಡುಗಿ
ಮಾಡಿಸುತ್ತಿದ್ದೇವೆ ಅಣ್ಣ, ವಾರಕ್ಕೆ ಎರಡು ದಿನ. ಉಳಿದ ದಿನ ನಾನೇ ಕೈ ಮಡಿಸಿ ಬಿಡಿಸಿ ಮಾಡಿಸುತ್ತೇನೆ. ಕೇಳಿದ್ದಕ್ಕೆ ಥ್ಯಾಂಕ್ಸ್.

ಫೆಸ್ತಿಗೆ ಬಂದವ
ನಾವು ಕಥೋಲಿಕರು, ಹೊನ್ನಾವರ ಕಡೆ. ಈ ಜಗಳ ಪ್ರೊಟೆಸ್ಟಂಟರದ್ದು ಮಾತ್ರ ಅಂದುಕೊಂಡಿದ್ದರೆ ತಪ್ಪು. ನಮ್ಮಲ್ಲೂ ಕೃಪೆ ದೊಡ್ಡದೋ ಮನುಷ್ಯನ ಇಚ್ಛೆ ದೊಡ್ಡದೋ ಅಂತ ಡೊಮಿನಿಕನ್, ಜೆಸ್ಯುಟ್ ಅನ್ನುವ ಎರಡು ಸನ್ಯಾಸಿ ಸಂಘದವರು ಗುದ್ದಾಡಿದರು. 1597ರಿಂದ 1607ರವರೆಗೆ ರೋಮಿನಲ್ಲಿ ವಿಚಾರಣೆ ನಡೆಯಿತು. ಕೊನೆಗೆ 5ನೇ ಪೌಲ್ ಪೋಪ್ ಯಾರು ಗೆದ್ದರು ಅಂತ ಹೇಳಲೇ ಇಲ್ಲ, ಒಬ್ಬರನ್ನೊಬ್ಬರು ಧರ್ಮದ್ರೋಹಿ ಅನ್ನಬೇಡಿ ಅಂತ ಇಬ್ಬರನ್ನೂ ಮನೆಗೆ ಕಳಿಸಿದರು. ನನಗಂತೂ ಇದು ಪೋಪರೊಬ್ಬರು ಮಾಡಿದ ಜಾಣ ಕೆಲಸಗಳಲ್ಲಿ ಒಂದು.

ಆದರೆ ಈ ತಂಗಿಯ ಪ್ರಶ್ನೆಗೆ ನಮ್ಮಲ್ಲಿ ಉತ್ತರ ಗಟ್ಟಿಯಾಗಿದೆ. 1653ರಲ್ಲಿ ನಮ್ಮೊಳಗೇ ಎದ್ದ ಯಾನ್ಸೆನ್ ಪಂಥದ ಐದು ಮಾತುಗಳನ್ನು ಪೋಪ್ ತಿರಸ್ಕರಿಸಿದಾಗ, ಕ್ರಿಸ್ತರು ಎಲ್ಲರಿಗಾಗಿ ಸತ್ತರು ಅನ್ನುವುದು ತಪ್ಪು ಎಂಬ ಮಾತೂ ಅದರಲ್ಲಿತ್ತು. ಅದಕ್ಕೂ ಮುಂಚೆ, 853ರಲ್ಲೇ ಫ್ರಾನ್ಸಿನ ಕಿಯರ್ಸಿ ಸಭೆ ಹೇಳಿತ್ತು: ಕ್ರಿಸ್ತರು ಯಾರಿಗಾಗಿ ಕಷ್ಟಪಡಲಿಲ್ಲವೋ ಅಂಥ ಮನುಷ್ಯ ಹಿಂದೆ ಇರಲಿಲ್ಲ, ಈಗಿಲ್ಲ, ಮುಂದೆಯೂ ಇರುವುದಿಲ್ಲ. ನಮ್ಮ ಇವತ್ತಿನ ಧರ್ಮೋಪದೇಶದಲ್ಲೂ ಅದನ್ನೇ ಸೇರಿಸಿದ್ದಾರೆ.

ಚಂದಾವರದ ಸಂತ ಫ್ರಾನ್ಸಿಸ್ ಸೇವಿಯರ್ ಇಗರ್ಜಿಗೆ ಡಿಸೆಂಬರ್ 3ಕ್ಕೆ ಬಂದು ನೋಡಿ. ಮೇಣದಬತ್ತಿ ಹಿಡಿದು ಸಾಲಲ್ಲಿ ನಿಂತವರಲ್ಲಿ ಎಲ್ಲ ಜಾತಿ, ಎಲ್ಲ ಧರ್ಮದವರೂ ಇರುತ್ತಾರೆ. ನೀನು ಲೆಕ್ಕದಲ್ಲಿ ಇದ್ದೀಯಾ ಅಂತ ಬಾಗಿಲಲ್ಲಿ ಯಾರೂ ಕೇಳುವುದಿಲ್ಲ.

ಸೋಂದಾ ರಸ್ತೆ
ನಾನು ಕ್ರಿಶ್ಚಿಯನ್ ಅಲ್ಲ, ಸುಮ್ನೆ ಓದುತ್ತಿದ್ದೆ. ಆದರೆ ಇದು ನಮಗೆ ಹೊಸ ಕಥೆ ಏನಲ್ಲ ಮಾರಾಯ್ರೆ. ನಮ್ಮ ಮನೆಯಿಂದ ವಾದಿರಾಜರ ಮಠ ದೂರ ಇಲ್ಲ. ಮಧ್ವ ಮತದಲ್ಲಿ ಜೀವರು ಮೂರು ಬಗೆ. ಮುಕ್ತಿಯೋಗ್ಯರು, ನಿತ್ಯಸಂಸಾರಿಗಳು, ತಮೋಯೋಗ್ಯರು. ಕೊನೆಯವರಿಗೆ ಬಿಡುಗಡೆ ಇಲ್ಲ. ನಾವು ಅದ್ವೈತದವರು, ಚಿಕ್ಕವನಿದ್ದಾಗ ಮಠದ ಕಡೆಯ ಗೆಳೆಯನ ಜೊತೆ ಇದೇ ವಿಷಯಕ್ಕೆ ಮಾತು ಬಿಟ್ಟಿದ್ದೆ. "ನಾನು ಯಾವ ಬಗೆ ಹೇಳು" ಅಂದರೆ ಅವನು ಗಣಿತದ ಮಾರ್ಕ್ಸ್ ನೋಡಿ ಹೇಳುತ್ತೇನೆ ಅಂದಿದ್ದ.

ಒಂದು ವ್ಯತ್ಯಾಸ ಇದೆ, ನನಗೆ ಅರ್ಥವಾದ ಮಟ್ಟಿಗೆ. ಮಧ್ವರಲ್ಲಿ ಅದು ಜೀವದ ಅನಾದಿ ಸ್ವಭಾವ. ದೇವರು ಅದನ್ನು ಹೊಸದಾಗಿ ಹುಟ್ಟಿಸಿದ್ದಲ್ಲ. ನಿಮ್ಮ ಕ್ಯಾಲ್ವಿನ್ನರಲ್ಲಿ ದೇವರೇ ಸೃಷ್ಟಿ ಮಾಡಿ, ದೇವರೇ ತೀರ್ಮಾನ ಮಾಡುತ್ತಾನೆ. ಆಗ ಪ್ರಶ್ನೆ ಇನ್ನೂ ಬಿಗಿಯಾಗುತ್ತದೆ.

ಇನ್ನೊಂದು, ಶ್ರೀವೈಷ್ಣವರ ಮಂಗ ಬೆಕ್ಕಿನ ಮಾತು ಕೇಳಿದ್ದೀರಾ? ಮಂಗನ ಮರಿ ತಾಯಿಯ ಹೊಟ್ಟೆಯನ್ನು ತಾನೇ ಗಟ್ಟಿಯಾಗಿ ಹಿಡಿದುಕೊಳ್ಳಬೇಕು. ಬೆಕ್ಕಿನ ಮರಿ ಏನೂ ಮಾಡುವುದಿಲ್ಲ, ತಾಯಿಯೇ ಕುತ್ತಿಗೆ ಕಚ್ಚಿ ಎತ್ತಿಕೊಂಡು ಹೋಗುತ್ತದೆ. ವಡಗಲೈ (ಮಂಗ), ತೆಂಗಲೈ (ಬೆಕ್ಕು) ಅಂತ ಬೇರೆಯಾದವರು ಈ ಎರಡು ಮರಿಗಳ ಲೆಕ್ಕದಲ್ಲೂ ಬೇರೆಯಾದರು. ಟೀಚರ್ ಮಂಗ, ಅಡಿಕೆ ಭಟ್ಟರು ಬೆಕ್ಕು. (ಬೇಜಾರು ಮಾಡಿಕೊಳ್ಳಬೇಡಿ ಟೀಚರ್.)

ಕುಮಟಾ ಟೀಚರ್
ಬೇಜಾರಿಲ್ಲ. ಆದರೆ ಬೆಕ್ಕು ಮೂರು ಮರಿ ಎತ್ತಿಕೊಂಡು ಎರಡನ್ನು ಹಿತ್ತಲಲ್ಲಿ ಬಿಟ್ಟು ಹೋದರೆ ಅದನ್ನು ಪ್ರೀತಿ ಅಂತ ಹೇಗೆ ಅನ್ನುವುದು? ಅಡಿಕೆಯವರು ಹೇಳಲಿ.

ಅಡಿಕೆ ಕ್ಯಾಲ್ವಿನ್
ನಾನು ಭಟ್ಟ ಅಲ್ಲ ಮಾರಾಯ್ರೆ! ಹಿತ್ತಲಿನ ಮರಿಗಳ ಬಗ್ಗೆ ನನಗೂ ರಾತ್ರಿ ನಿದ್ದೆ ಬರುವುದಿಲ್ಲ ಟೀಚರ್, ಸುಳ್ಳು ಹೇಳುವುದಿಲ್ಲ. ಅವು ತಾಯಿಯನ್ನೇ ಪರಚಿ ಓಡಿದವು ಅಂತ ನಮ್ಮವರು ಉತ್ತರ ಕೊಡುತ್ತಾರೆ. ಅಷ್ಟಕ್ಕೆ ಸಮಾಧಾನ ಆಗುತ್ತದೆ ಅಂತ ಹೇಳಲಾರೆ.

ಆದರೂ ಬೆಕ್ಕಿನ ಕಡೆಯೇ ಯಾಕೆ ನಿಂತೆ ಅಂದರೆ ಈ ಹುಡುಗಿಯ ಅಪ್ಪನಂಥವರಿಂದಾಗಿಯೇ. ಯೋಹಾನ 6:44, ತಂದೆಯು ಎಳೆಯದ ಹೊರತು ಯಾರೂ ನನ್ನ ಹತ್ತಿರ ಬರಲಾರರು. ಈ "ಎಳೆ" ಅನ್ನುವ ಗ್ರೀಕ್ ಪದ ಏನು ಗೊತ್ತಾ? ಯೋಹಾನ 21ರಲ್ಲಿ ಪೇತ್ರನು 153 ಮೀನು ತುಂಬಿದ ಬಲೆ ಎಳೆಯುತ್ತಾನಲ್ಲ, ಅಲ್ಲಿಯೂ ಅದೇ ಪದ. ಮೀನು ತಾನಾಗಿ ದಡಕ್ಕೆ ಬರುವುದಿಲ್ಲ. ಇವರ ಅಪ್ಪನಿಗೆ ಇದನ್ನು ಯಾರೂ ವಿವರಿಸಬೇಕಾಗಿಲ್ಲ.

ಮಾಜಾಳಿ ದಂಡೆ
ರಂಪಣಿ ಮಾತು ಬಂತು, ಅದಕ್ಕೆ ಬರೆಯುತ್ತಿದ್ದೇನೆ. ಧರ್ಮದ ವಿಷಯ ನನಗೆ ಗೊತ್ತಿಲ್ಲ. ದೋಣಿ ಬಲೆಯನ್ನು ಅರ್ಧಚಂದ್ರದ ಹಾಗೆ ಬಿಡುತ್ತಾ ಹೋಗಿ ತಿರುಗಿ ಬರುತ್ತದೆ. ಎರಡೂ ತುದಿಯ ಹಗ್ಗ ದಡದಲ್ಲಿ. ಆಮೇಲೆ ಎಲ್ಲರೂ ಎಳೆಯುವುದೇ. ಬಲೆ ಆರಿಸುವುದಿಲ್ಲ ಸರ್. ಬಂಗುಡೆ ಬರುತ್ತದೆ, ಏಡಿ ಬರುತ್ತದೆ, ಕಸ, ಚಪ್ಪಲಿ ಎಲ್ಲ ಬರುತ್ತದೆ. ಆರಿಸುವುದು ಮರಳ ಮೇಲೆ, ಆಮೇಲೆ.

ಮತ್ತೆ ಒಂದು ವಿಷಯ, ದಡಕ್ಕೆ ಬಂದ ಮೀನಿನ ಗತಿ ಏನಾಗುತ್ತದೆ ಅಂತ ನಿಮಗೆ ಗೊತ್ತಿರಬೇಕು 😀

ಕುಮಟಾ ಟೀಚರ್
ಮಾಜಾಳಿಯವರೇ, ನೀವು ಧರ್ಮದ ವಿಷಯ ಗೊತ್ತಿಲ್ಲ ಅಂತ ಹೇಳಿ ಮತ್ತಾಯ 13:47 ಹೇಳಿಬಿಟ್ಟಿರಿ! ಸಮುದ್ರಕ್ಕೆ ಬಿಟ್ಟ ಬಲೆ ಎಲ್ಲ ಬಗೆಯದನ್ನೂ ಕೂಡಿಸಿತು, ದಡಕ್ಕೆ ಎಳೆದ ಮೇಲೆ ಕೂತು ಆರಿಸಿದರು ಅಂತ ಅಲ್ಲಿದೆ. ಅಡಿಕೆಯವರೇ, ಅದೇ ಗ್ರೀಕ್ ಪದ ಯೋಹಾನ 12:32ರಲ್ಲೂ ಇದೆ, ನೋಡಿದ್ದೀರಾ? ನಾನು ಭೂಮಿಯಿಂದ ಮೇಲಕ್ಕೆ ಎತ್ತಲ್ಪಟ್ಟಾಗ *ಎಲ್ಲರನ್ನೂ* ನನ್ನ ಹತ್ತಿರ ಎಳೆದುಕೊಳ್ಳುತ್ತೇನೆ. ಎಲ್ಲರನ್ನೂ.

ಅಡಿಕೆ ಕ್ಯಾಲ್ವಿನ್
ನೋಡಿದ್ದೇನೆ. ಎಲ್ಲ ಬಗೆಯ ಜನ, ಯೆಹೂದ್ಯರು ಮಾತ್ರ ಅಲ್ಲ ಗ್ರೀಕರೂ, ಅಂತ ನಾವು ಓದುತ್ತೇವೆ. ತಿಮೊಥೆಯ ವಚನವನ್ನು ಕ್ಯಾಲ್ವಿನ್ನೇ ಹಾಗೆ ಓದಿದರು. ಆದರೆ ನಮ್ಮವರೇ ಆದ ಸ್ಪರ್ಜನ್ 1880ರಲ್ಲಿ ಅದೇ ವಚನದ ಮೇಲೆ ಬೋಧಿಸುತ್ತಾ, ಎಲ್ಲರೂ ಅಂತ ಬರೆದದ್ದನ್ನು ಕೆಲವರು ಅಂತ ತಿರುಚಲು ನಾನು ಒಪ್ಪುವುದಿಲ್ಲ, ನನ್ನ ಸಿದ್ಧಾಂತ ಸರಿಹೊಂದದಿದ್ದರೂ ಪರವಾಗಿಲ್ಲ ಅನ್ನುವ ಅರ್ಥದ ಮಾತಾಡಿದರು. ನಾನೀಗ ಸ್ಪರ್ಜನ್ ಪಕ್ಕ ಕೂರುತ್ತೇನೆ. ಯೋಹಾನ 3:16ರ "ಲೋಕ"ವನ್ನಂತೂ ಕ್ಯಾಲ್ವಿನ್ ತಾವೇ ದೊಡ್ಡದಾಗಿ ಓದಿದ್ದಾರೆ, ಎಲ್ಲರನ್ನೂ ಕರೆಯುವುದಕ್ಕೆಂದೇ ಆ ಪದ ಅಂದಿದ್ದಾರೆ.

ನನ್ನ ಮಾತು ಇಷ್ಟೇ ಟೀಚರ್. ನಿಮ್ಮ ದಾರಿಯಲ್ಲಿ ಕೊನೆಗೆ ಆ ಅಪ್ಪ ಹಗ್ಗ ಹಿಡಿಯಬೇಕು. ಅವರ ಬಲಗೈಯಲ್ಲಿ ಬಲ ಇಲ್ಲ. ನಾಳೆ ಇನ್ನೊಂದು ಸಲ ಲಕ್ವ ಹೊಡೆದು ಮಾತೂ ಹೋದರೆ? ಬುದ್ಧಿಯೂ ಮಸುಕಾದರೆ? ಆಗ ಎತ್ತಿಕೊಂಡು ಹೋಗುವ ದೇವರು ಬೇಕು.

ಕುಮಟಾ ಟೀಚರ್
ಈ ಮಾತಿಗೆ ನನ್ನ ಹತ್ತಿರ ಕೂಡಲೇ ಉತ್ತರ ಇಲ್ಲ. ನಮ್ಮ ಮೆಥೊಡಿಸ್ಟ್ ಪಂಥ ಶುರು ಮಾಡಿದ ವೆಸ್ಲಿಯವರು ಹಿಡಿಯುವ ಬಲವನ್ನೂ ದೇವರೇ ಮೊದಲು ಕೊಡುತ್ತಾನೆ, ಎಲ್ಲರಿಗೂ ಕೊಡುತ್ತಾನೆ ಅಂದರು. ಆ "ಎಲ್ಲರಿಗೂ" ಬಿಟ್ಟುಕೊಡಲು ನಾನು ತಯಾರಿಲ್ಲ. ಉಳಿದದ್ದನ್ನು ಯೋಚಿಸುತ್ತೇನೆ.

ಹಳಿಯಾಳದ ಅಜ್ಜ
ತಂಗಿ, ನಿಮ್ಮೆಲ್ಲರ ಮಾತು ಓದಿದೆ, ಕನ್ನಡಕ ಹಾಕಿ ಎರಡು ಸಲ. ನಮ್ಮದು ಧಾರವಾಡದ ಕಡೆಯ ಬಾಸೆಲ್ ಮಿಷನ್ ಮನೆತನ, ಈಗ ಸಿಎಸ್‌ಐ (ದಕ್ಷಿಣ ಭಾರತ ಸಭೆ). ಕ್ಯಾಲ್ವಿನ್ನರ ದೊಡ್ಡ ಗ್ರಂಥ ಮೊದಲು ಅಚ್ಚಾದದ್ದು 1536ರಲ್ಲಿ, ಸ್ವಿಟ್ಜರ್ಲೆಂಡಿನ ಅದೇ ಬಾಸೆಲ್ ಊರಿನಲ್ಲಿ. 1834ರಲ್ಲಿ ಅಲ್ಲಿಂದ ಮಿಷನರಿಗಳು ಮಂಗಳೂರಿಗೆ ಬಂದರು, 1837ಕ್ಕೆ ಧಾರವಾಡ. ಹಾಗಂತ ಅವರು ಟ್ಯೂಲಿಪ್ ಬುಟ್ಟಿ ಹೊತ್ತು ಬರಲಿಲ್ಲ. ಅವರಲ್ಲಿ ಸ್ವಿಸ್ ರಿಫಾರ್ಮ್ಡ್ ಇದ್ದರು, ಜರ್ಮನಿಯ ವ್ಯುರ್ಟೆಂಬರ್ಗ್ ಕಡೆಯ ಲೂಥರನ್ನರು ಬಹಳ ಇದ್ದರು. ಒಂದೇ ಮಿಷನ್, ಒಂದೇ ಊಟದ ಮೇಜು.

ವೆಸ್ಲಿ, ವಿಟ್‌ಫೀಲ್ಡ್ ಕಥೆ ಯಾರೂ ಹೇಳಲಿಲ್ಲ. 1739ರಲ್ಲಿ ವೆಸ್ಲಿ ಈ ಆಯ್ಕೆಯ ಬೋಧನೆಯ ಮೇಲೆ ಬೆಂಕಿಯಂಥ ಪ್ರಸಂಗ ಮಾಡಿ ಅಚ್ಚು ಹಾಕಿಸಿದರು. ಅವರ ಗೆಳೆಯ, ಬೋಧಕ ವಿಟ್‌ಫೀಲ್ಡ್ ಪಕ್ಕಾ ಕ್ಯಾಲ್ವಿನ್ ಕಡೆ, ಮಾರನೇ ವರ್ಷ ಉದ್ದ ಪತ್ರ ಬರೆದು ಖಂಡಿಸಿದರು. ಗೆಳೆತನ ಮುರಿಯಿತು, ನಿಧಾನಕ್ಕೆ ಮತ್ತೆ ಕೂಡಿತು, ಅಭಿಪ್ರಾಯ ಮಾತ್ರ ಇಬ್ಬರದ್ದೂ ಬದಲಾಗಲಿಲ್ಲ. 1770ರಲ್ಲಿ ವಿಟ್‌ಫೀಲ್ಡ್ ತೀರಿಕೊಂಡಾಗ ಲಂಡನ್ನಿನಲ್ಲಿ ಅವರ ನೆನಪಿನ ಪ್ರಸಂಗ ಮಾಡಿದವರು ವೆಸ್ಲಿ. ಬೀದಿಯಲ್ಲಿ, ಗಣಿಯ ಬಾಯಲ್ಲಿ ನಿಂತು ಕಲ್ಲಿದ್ದಲು ಕೆಲಸಗಾರರಿಗೆ ಬೋಧಿಸುವಾಗ ಇಬ್ಬರೂ ಯಾರನ್ನೂ ಬಿಡದೆ ಕರೆದವರೇ.

ನಿನಗೆ ಒಂದು ವಚನ ಕೊಡುತ್ತೇನೆ. ಮಾರ್ಕ 10:21. ಶ್ರೀಮಂತ ಬಂದು ಕೇಳುತ್ತಾನಲ್ಲ, ಅದು. ಯೇಸು ಅವನನ್ನು ದೃಷ್ಟಿಸಿ ನೋಡಿ ಪ್ರೀತಿಸಿದನು ಅಂತ ಬರೆದಿದೆ. ಮುಂದಿನ ವಚನದಲ್ಲಿ ಆ ಮನುಷ್ಯ ಮುಖ ಬಾಡಿಸಿಕೊಂಡು ಹೊರಟುಹೋಗುತ್ತಾನೆ. ಪ್ರೀತಿಸಿದ್ದು ಅವನು ಹಿಂಬಾಲಿಸಿದ ಮೇಲೆ ಅಲ್ಲ. ಹೋಗುವ ಮುಂಚೆ.

ಫೆಸ್ತಿಗೆ ಬಂದವ
ಅಜ್ಜ, ಇದು ಚೆನ್ನಾಗಿದೆ. ಮತ್ತಾಯ 5:45 ಕೂಡ ಸೇರಿಸಿ, ಒಳ್ಳೆಯವರ ಮೇಲೂ ಕೆಟ್ಟವರ ಮೇಲೂ ಮಳೆ. ಮಳೆ ಪ್ರೀತಿಯ ಗುರುತಾದರೆ ನಮ್ಮ ಜಿಲ್ಲೆಯನ್ನು ದೇವರು ಸ್ವಲ್ಪ ಅತಿಯಾಗಿಯೇ ಪ್ರೀತಿಸುತ್ತಾನೆ.

ಅಡಿಕೆ ಕ್ಯಾಲ್ವಿನ್
ಅದೇ ಮಳೆಗೆ ನಮ್ಮಲ್ಲಿ ಅಡಿಕೆಗೆ ಕೊಳೆರೋಗ. ಸಾಮಾನ್ಯ ಕೃಪೆಯ ಮೇಲೆ ಒಂದು ಲೇಖನ ಬರೆಯಬಹುದು.

ತಂಗಿ, ಅಜ್ಜನ ವಚನವನ್ನು ನಾನೂ ಸಹಿ ಹಾಕಿ ಕೊಡುತ್ತೇನೆ. ನಾನು ಮತ್ತು ಟೀಚರ್ ಇನ್ನೂ ಇಪ್ಪತ್ತು ವರ್ಷ ಜಗಳ ಆಡುತ್ತೇವೆ. ನೀವು ಕಾಯಬೇಡಿ.

ಕೋಡಿಬಾಗದ ಹುಡುಗಿ
ಒಂದು ವಾರ ಬರೆಯಲು ಆಗಲಿಲ್ಲ, ಅಪ್ಪನಿಗೆ ಜ್ವರ ಬಂದಿತ್ತು. ಈಗ ಪರವಾಗಿಲ್ಲ.

ಎಲ್ಲರ ಮಾತನ್ನೂ ಅಮ್ಮ ಮಲಗಿದ ಮೇಲೆ ಕೂತು ಓದಿದೆ. ಅಡಿಕೆ ಅಣ್ಣ ಒಂದು ಕಾರಣಕ್ಕೆ ಹೇಳು ಅನ್ನುತ್ತಾರೆ, ಟೀಚರಮ್ಮ ಇನ್ನೊಂದು ಕಾರಣಕ್ಕೆ. ನನಗೆ ಯಾರ ಕಡೆ ಅಂತ ಇನ್ನೂ ಗೊತ್ತಾಗಿಲ್ಲ. ಕೈ ಮಡಿಸಿ ಬಿಡಿಸಿ ಮಾಡಿಸುವಾಗ ಬೆಕ್ಕಿನ ಮರಿ ನೆನಪಾಗುತ್ತದೆ, ಅದಂತೂ ನಿಜ. ಹಿತ್ತಲಿನ ಮರಿಗಳೂ ನೆನಪಾಗುತ್ತವೆ.

ನಿನ್ನೆ ಸಂಜೆ ಅಪ್ಪನಿಗೆ ಆ ಶ್ರೀಮಂತನ ಕಥೆ ಹೇಳಿದೆ. ಕೊಂಕಣಿಯಲ್ಲೇ ಹೇಳಿದೆ, ಓದಲಿಲ್ಲ. "ನೋಡಿ ಪ್ರೀತಿಸಿದ" ಅನ್ನುವಲ್ಲಿ ನನ್ನ ಗಂಟಲು ಕಟ್ಟಿತು. ಅಪ್ಪ ಮೇಲೆ ಮಾಡಿನ ಹಂಚು ನೋಡುತ್ತಾ ಕೇಳಿಸಿಕೊಂಡರು. ಆಮೇಲೆ ನಿಧಾನಕ್ಕೆ ಕೇಳಿದರು, "ಆ ಮನುಷ್ಯ ಆಮೇಲೆ ವಾಪಸ್ ಬಂದನಾ?"

ಬರೆದಿಲ್ಲ ಅಪ್ಪಾ ಅಂದೆ.

ಅಪ್ಪ ಎಡಗೈಯಿಂದ ಬಲಗೈಯನ್ನು ಎತ್ತಿ ಎದೆಯ ಮೇಲೆ ಇಟ್ಟುಕೊಂಡರು. ಸ್ವಲ್ಪ ಹೊತ್ತು ಬಿಟ್ಟು, ಗಂಜಿಗೆ ಒಣ ಸಿಗಡಿ ಚಟ್ನಿ ಇದೆಯಾ ಅಂದರು. ಡಾಕ್ಟರು ಉಪ್ಪು ಬೇಡ ಅಂದಿದ್ದಾರೆ. ಆದರೂ ಒಂದು ಚೂರು ತಂದು ಕೊಟ್ಟೆ.